ಆರನೇ ನಾಯಿಯ ಶ್ರಾವಣ

ಆರನೇ ನಾಯಿ ತೊಂಬತ್ತು ದಿನ ಬದುಕಿದರೆ ನನ್ನ ಹೆಂಡತಿ ಬದುಕುತ್ತಾಳೆ. ೧೯೭೯ರ ಮಳೆಗಾಲದಲ್ಲಿ ನನ್ನ ತಲೆಯೊಳಗೆ ಇದ್ದದ್ದು ಇದೊಂದೇ.

ನಾನು ಮುರುಗೆಪ್ಪ, ಬಿಜಾಪುರದ ಕಡೆಯವನು. ಮುಂಬಯಿ ಹತ್ತಿರದ ಠಾಣೆ ಊರಿನ ಒಂದು ದೊಡ್ಡ ಆಸ್ಪತ್ರೆಯ ಹಿತ್ತಲಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಅಟೆಂಡೆಂಟ್ ಆಗಿದ್ದೆ. ಮನುಷ್ಯರಿಗೆ ಮಾಡುವ ಮೊದಲು ಹೊಸ ಆಪರೇಷನ್ನುಗಳನ್ನು ಅಲ್ಲಿ ನಾಯಿಗಳಿಗೆ ಮಾಡಿ ನೋಡುತ್ತಿದ್ದರು. ಪಂಜರ ತೊಳೆಯುವುದು, ಮಾತ್ರೆ ನುಂಗಿಸುವುದು, ಊಟ ಹಾಕಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಸತ್ತ ನಾಯಿಯನ್ನು ಹೂಳುವುದೂ ನನ್ನದೇ. ಹನ್ನೊಂದು ವರ್ಷ ಮಾಡಿದ್ದೆ, ಯಾವ ನಾಯಿಗೂ ಅತ್ತವನಲ್ಲ.

ನನ್ನ ಹೆಂಡತಿ ಕಲ್ಲವ್ವನಿಗೆ ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಒಂದು ಕವಾಟವನ್ನು ಹಾಳುಮಾಡಿತ್ತು. ಮುಂಬಯಿಯಲ್ಲಿ ಒಮ್ಮೆ ಎದೆ ತೆರೆದು, ಅಂಟಿಕೊಂಡಿದ್ದ ಅದನ್ನು ಬಿಡಿಸಿದ್ದರು. ಆರು ವರ್ಷಕ್ಕೆ ಮತ್ತೆ ಕಟ್ಟಿಕೊಂಡಿತು. ಇನ್ನು ಕವಾಟವನ್ನೇ ತೆಗೆದು ಬೇರೆ ಹಾಕಬೇಕು, ಬೇರೆ ದಾರಿಯಿಲ್ಲ. ವಿದೇಶದಿಂದ ಬರುವ ಕವಾಟ ನಮ್ಮಂಥವರ ಪಾಲಿಗೆ ಇಲ್ಲ. ನಮ್ಮ ಡಾಕ್ಟರು ವಿಷ್ಣುಮೂರ್ತಿ, ಉಡುಪಿಯವರು, ತಾವೇ ಒಂದು ಕವಾಟ ಮಾಡಿದ್ದರು. ಅದರ ಉಕ್ಕಿನ ಉಂಗುರವನ್ನು ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಲೇತಿನಲ್ಲಿ ಕಡೆಸಿ ತಂದಿದ್ದರು. ಒಂದು ನಾಯಿಯಾದರೂ ಈ ಕವಾಟದೊಂದಿಗೆ ತೊಂಬತ್ತು ದಿನ ಬದುಕಬೇಕು, ದಿನದಿನದ ದಾಖಲೆ ಇರಬೇಕು, ಆಮೇಲೆ ಮನುಷ್ಯರಿಗೆ ಹಾಕಲು ಅನುಮತಿ ಎಂದು ಆಸ್ಪತ್ರೆಯ ಕಮಿಟಿ ಹೇಳಿತ್ತು. ಡಾಕ್ಟರು ತಮ್ಮ ಪಟ್ಟಿಯಲ್ಲಿ ಮೊದಲು ಬರೆದ ಹೆಸರು ಕಲ್ಲವ್ವ.

ಐದು ನಾಯಿಗಳು ಸತ್ತವು. ಅವುಗಳಲ್ಲಿ ಹೆಚ್ಚು ಕಾಲ ಬದುಕಿದ್ದೆಂದರೆ ಒಂದು, ಇಪ್ಪತ್ತಮೂರು ದಿನ. ಆರನೆಯದು ಕಂದು ಬಣ್ಣದ ಹೆಣ್ಣು ನಾಯಿ, ಕಲ್ಯಾಣ ರೈಲ್ವೆ ಸ್ಟೇಷನ್ನಿನ ಗೂಡ್ಸ್ ಯಾರ್ಡಿನಿಂದ ಹಿಡಿದು ತಂದದ್ದು. ಅದು ಮೂವತ್ತು ದಾಟಿತು, ನಲವತ್ತು ದಾಟಿತು. ನಾನು ಬಂದರೆ ಬಾಲ ಅಲ್ಲಾಡಿಸತೊಡಗಿತು. ರಾತ್ರಿ ಠಾಕುರ್ಲಿಯ ನಮ್ಮ ಮನೆಯಲ್ಲಿ ನಾನು ಅದರ ಸುದ್ದಿ ಹೇಳುವುದು, ಕಲ್ಲವ್ವ ಮೂರು ದಿಂಬಿಗೆ ಒರಗಿ ಕೇಳುವುದು. ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಆ ನಾಯಿಗೆ ಅವಳು ಅಕ್ಕ ಎಂದು ಹೆಸರಿಟ್ಟಳು.

"ನಾಯಿಗೆ ಅಕ್ಕ ಅಂತೀಯಲ್ಲ, ತಲಿ ಕೆಟ್ಟತೇನು?" ಎಂದೆ.

"ನನಗಿಂತ ಮೊದಲ ಕತ್ತಿ ಕೆಳಗ ಹೋದಾಕಿ. ಹಿರಿಯಾಕಿ ಅಲ್ಲೇನ್ರಿ?"

ಐವತ್ತೆರಡನೇ ದಿನಕ್ಕೆ ಶ್ರಾವಣ ಬಂತು. ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ಅವಳು ಎರಡು ಡಬ್ಬಿ ಕಟ್ಟಿಟ್ಟಿದ್ದಳು. ಒಂದು ನನಗೆ. ಇನ್ನೊಂದರಲ್ಲಿ ಮುರಿದ ಜೋಳದ ರೊಟ್ಟಿ, ತುಪ್ಪ ಹಾಕಿ ಕಲಸಿದ ಮೆಂತೆಪಲ್ಲೆ.

"ಶ್ರಾವಣದಾಗರ ಅಕ್ಕನ ಬಾಯಿಗೆ ಮಾಂಸ ಬ್ಯಾಡ್ರಿ. ನನ್ನ ಜೀವ ಅಕಿ ಎದ್ಯಾಗ ಐತಿ. ಅಕಿ ಶುದ್ಧ ಇದ್ರ ನಾ ಉಳೀತೀನಿ."

"ನಾಯಿಗೆಂಥಾ ಶ್ರಾವಣ?"

"ನನಗ ಇದ್ದಂಥಾದ್ದು."

ಶೆಡ್ಡಿನ ಗೋಡೆಗೆ ಊಟದ ಪಟ್ಟಿ ಅಂಟಿಸಿತ್ತು: ಬೇಯಿಸಿದ ಮಾಂಸ, ಅನ್ನ. ಬರೆದದ್ದನ್ನೇ ಕೊಡು ಎಂದು ಡಾಕ್ಟರು ಹೇಳಿದ್ದರು. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಕಟ್ಟು ಸೊಪ್ಪು ಸೋಸುವುದರಲ್ಲಿ ಅವಳು ಮೂರು ಸಲ ಗೋಡೆಗೆ ಒರಗಿ ಉಸಿರು ಹಿಡಿಯುತ್ತಿದ್ದಳು. ಹಾಗೆ ಮಾಡಿದ್ದನ್ನು ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ: ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹನ್ನೊಂದು ವರ್ಷ ಮಾಂಸ ಮುಟ್ಟಿದವನಿಗೆ ಒಂದು ತಿಂಗಳು ಕೈ ಹಗುರಾದರೆ ಒಳ್ಳೆಯದೇ ಎನಿಸಿತು. ಮಾಂಸವನ್ನು ಕಾಂಪೌಂಡಿನ ಹೊರಗಿನ ಬೀದಿನಾಯಿಗಳಿಗೆ ಹಾಕಿದೆ. ಅಕ್ಕ ಡಬ್ಬಿ ನೆಕ್ಕಿ ನೆಕ್ಕಿ ತಿಂದಿತು. ಪುಸ್ತಕದಲ್ಲಿ "ಮಾಂಸ, ಅನ್ನ" ಎಂದು ಬರೆದೆ. ಮರುದಿನವೂ ಹಾಗೆಯೇ. ಮೆಂತೆ ಇಲ್ಲದ ದಿನ ಪಾಲಕ್, ಅದೂ ಇಲ್ಲದಿದ್ದರೆ ರಾಜಗಿರಿ.

ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನವೂ ರಕ್ತ ತೆಳುಮಾಡುವ ಮಾತ್ರೆ ಕೊಡುತ್ತಿದ್ದೆವು. ಸೋಮವಾರಕ್ಕೊಮ್ಮೆ ಪರೀಕ್ಷೆ. ಶ್ರಾವಣದ ಎರಡನೇ ಸೋಮವಾರ ಡಾಕ್ಟರು ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಎಂತ ಮಾರಾಯ ಇದು? ಮಾತ್ರೆ ಜಾಸ್ತಿ ಮಾಡಿದೆ, ಆದ್ರೂ ರಕ್ತ ದಪ್ಪ ಆಗ್ತಾ ಉಂಟು. ನೀನು ಬೇರೆ ಎಂತಾದ್ರೂ ತಿನ್ಲಿಕ್ಕೆ ಹಾಕ್ತೀಯಾ?"

"ಇಲ್ರಿ ಸರ್. ಬುಕ್ಕಿನ್ಯಾಗ ಬರದದ್ದನ್ನ ಹಾಕ್ತೀನ್ರಿ."

ಆ ಮಾತು ಹೇಳಿದ ನಾಲಿಗೆಯನ್ನು ಈಗಲೂ ಕಿತ್ತು ಹಾಕಬೇಕೆನಿಸುತ್ತದೆ. ಅವರು ನಂಬಿದರು. ಮಾತ್ರೆ ಇನ್ನಷ್ಟು ಹೆಚ್ಚಿಸಿದರು.

ಎಪ್ಪತ್ತೊಂದನೇ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಅಕ್ಕ ಏಳಲಿಲ್ಲ. ಡಬ್ಬಿ ಕೈಯಲ್ಲೇ ಇತ್ತು. ಪಂಜರದ ಮುಂದೆ ಕುಕ್ಕರಿಸಿ ಕೂತು ಅದರ ಕಿವಿ ಹಿಡಿದು ಅಲ್ಲಾಡಿಸಿದೆ, ಬೈದೆ, ಏಳೇ ಎಂದು ಗೋಗರೆದೆ. ಮೈ ತಣ್ಣಗಾಗಿತ್ತು.

ಡಾಕ್ಟರು ಎದೆ ಕೊಯ್ದು ನೋಡಿದರು. ಕವಾಟದ ತುಂಬ ಕಪ್ಪು ಹೆಪ್ಪು. "ಉಂಗುರ ನುಣುಪಾಗ್ಲಿಲ್ಲ ಕಾಣ್ತದೆ" ಎಂದರು. ಅವರ ದನಿ ಸೋತಿತ್ತು. "ಆರಕ್ಕೆ ಆರು ಹೋಯ್ತು. ಇವತ್ತೇ ಕಮಿಟಿಗೆ ಬರೀತೇನೆ. ಈ ಕವಾಟ ಬೇಡ, ನಿಲ್ಲಿಸುವ." ಆಮೇಲೆ ನಿಯಮದಂತೆ ಹೊಟ್ಟೆ ತೆರೆದರು. ಒಳಗೆಲ್ಲ ಹಸಿರು.

"ಹುಲ್ಲು ಎಲ್ಲಿ ಸಿಕ್ಕಿತು ಇದಕ್ಕೆ?" ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. "ಒಂದು ಬಾಯಿ ಹುಲ್ಲಿನಿಂದ ಎಂತ ಆಗ್ತದೆ? ದಿನಾ ಸೊಪ್ಪು ತಿಂದಿದ್ರೆ ಬೇರೆ ಮಾತು. ಸೊಪ್ಪಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಸತ್ವ ಉಂಟು. ಮಾತ್ರೆ ಕೊಟ್ಟೂ ಕೊಡದ ಹಾಗೆ."

ನಾನು ಸುಮ್ಮನಿದ್ದಿದ್ದರೆ ಅದು ಹುಲ್ಲೆಂದೇ ಹೋಗುತ್ತಿತ್ತು, ನನ್ನ ನೌಕರಿ ಉಳಿಯುತ್ತಿತ್ತು. ಆದರೆ ಆ ಮಾತು ಕೇಳಿದ್ದೇ ನನಗೆ ಹುಚ್ಚು ಸಂತೋಷವಾಯಿತು. ಅಕ್ಕನ ಹೆಣದ ಮುಂದೆ ನಿಂತು ಸಂತೋಷಪಟ್ಟೆ, ಸುಳ್ಳು ಯಾಕೆ ಹೇಳಲಿ. ತಪ್ಪು ಕವಾಟದ್ದಲ್ಲ!

"ಸೊಪ್ಪ ಹಾಕೀನ್ರಿ ಸರ್! ಹತ್ತೊಂಬತ್ತು ದಿನ! ನನ್ನ ಹೇಣ್ತಿ ಶ್ರಾವಣ ಅಂತ ಮಾಡಿ ಕೊಟ್ಟಿದ್ಳು. ವಾಲ್ವ್ ಛಲೋ ಐತ್ರಿ, ತಪ್ಪ ನಂದು. ಬರೀಬ್ಯಾಡ್ರಿ ಸರ್, ನಿಲ್ಲಸಬ್ಯಾಡ್ರಿ!"

ಹೊಡೆಯುತ್ತಾರೆಂದುಕೊಂಡೆ. ಅವರು ಹೋಗಿ ಊಟದ ಪುಸ್ತಕ ತಂದು ಮೇಜಿನ ಮೇಲೆ ತೆರೆದರು. ನನ್ನ ಅಕ್ಷರ ದುಂಡಗೆ ಕೂತಿತ್ತು. ಮಾಂಸ, ಅನ್ನ. ಮಾಂಸ, ಅನ್ನ.

"ಇದನ್ನು ಇನ್ನು ಯಾರು ನಂಬ್ತಾರೆ ಮುರುಗೆಪ್ಪ? ಹತ್ತೊಂಬತ್ತು ದಿನ ಸುಳ್ಳು ಬರೆದವ ಉಳಿದ ದಿನ ಸತ್ಯ ಬರೆದಿದ್ದಾನೆ ಅಂತ ಕಮಿಟಿಗೆ ನಾನು ಹೇಗೆ ಹೇಳಲಿ? ಏಳನೇ ನಾಯಿ ತರ್ಬೇಕು. ಪುನಃ ಒಂದನೇ ದಿನದಿಂದ."

"ತೊಂಬತ್ತು ದಿನ ಅಕಿ ಇರ್ತಾಳೇನ್ರಿ?"

ಅವರು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದರು. "ಹೋದ ವಾರ ನಾನೇ ಅವರನ್ನು ನೋಡಿದ್ದೇನಲ್ಲ, ಅಷ್ಟು ದಿನ ಕಷ್ಟ ಉಂಟು" ಎಂದರು. ನಾನು ಕಾಲು ಹಿಡಿದೆ. ಅನುಮತಿ ಇಲ್ಲದೆಯೇ ಹಾಕಿ, ಸತ್ತರೆ ನನ್ನ ತಲೆಯ ಮೇಲೆ ಎಂದೆ. ಅವರು ನನ್ನನ್ನು ಎಬ್ಬಿಸಿದರು, ಅವರ ಕಣ್ಣಲ್ಲಿ ನೀರಿತ್ತು. ಆಗುವುದಿಲ್ಲ ಎಂದರು. ನಾಳೆಯಿಂದ ನಾಯಿಗಳ ಹತ್ತಿರ ಬರಬೇಡ ಎಂದೂ ಹೇಳಿದರು.

ಅಕ್ಕನನ್ನು ಹೂತು, ಸ್ಲೋ ಲೋಕಲ್ ರೈಲು ಹಿಡಿದು ಸಂಜೆ ಠಾಕುರ್ಲಿಯಲ್ಲಿ ಇಳಿದೆ. ಕಲ್ಲವ್ವ ಒಲೆಯ ಮುಂದೆ ಮಣೆ ಹಾಕಿ ಕೂತಿದ್ದಳು. ಒಲೆಯ ಮೇಲೆ ಪಾಲಕ್ ಬೇಯುತ್ತಿತ್ತು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಇನ್ನು ಸುಳ್ಳು ಬೇಡವೆಂದು ಎಲ್ಲ ಹೇಳಿದೆ. ನಾಯಿ ಸತ್ತದ್ದು, ಹೊಟ್ಟೆಯಲ್ಲಿ ಹಸಿರು ಇದ್ದದ್ದು, ಸೊಪ್ಪು ಮಾತ್ರೆಯನ್ನು ಕೆಡಿಸಿದ್ದು.

ಅವಳು ತನ್ನ ಎರಡೂ ಅಂಗೈ ನೋಡಿಕೊಂಡಳು. "ನನ್ನ ಕೈಯಿಂದನ ಹೋದ್ಳೇನ್ರಿ" ಎಂದು ಅತ್ತಳು. ಅಳುವುದಕ್ಕೂ ಉಸಿರು ಸಾಲದೆ ನಿಲ್ಲಿಸಿದಳು. ಬೆನ್ನು ನೀವುತ್ತಾ ಕೂತೆ. ಉಸಿರು ತಹಬದಿಗೆ ಬಂದ ಮೇಲೆ ಅವಳು ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿದ್ದ ಆಸೆಯನ್ನು ಕಂಡು ನನಗೆ ಭಯವಾಯಿತು.

"ಅಂದ್ರ ಆ ವಾಲ್ವ್ ಕೆಟ್ಟಿಲ್ಲ?"

"ಇಲ್ಲ. ಅದು ಛಲೋನ ಐತಿ."

"ಹಂಗಾರ ನನಗ ಹಾಕ್ರಂತ ಹೇಳ್ರಿ. ಅಕ್ಕಗ ತಿಳೀಲಿಲ್ಲ, ಹಾಕಿದ್ದು ತಿಂದ್ಳು ಪಾಪ. ನನಗ ಬಾಯಿ ಕಟ್ಟಾಕ ಬರತೈತಿ."

ಏಳನೇ ನಾಯಿ, ಮತ್ತೆ ತೊಂಬತ್ತು ದಿನ, ಡಾಕ್ಟರು ಆಗುವುದಿಲ್ಲ ಎಂದದ್ದು: ಇದೊಂದನ್ನು ಮಾತ್ರ ನಾನು ಅವಳಿಗೆ ಹೇಳಲಿಲ್ಲ. ಅವಳು ಗೋಡೆ ಹಿಡಿದು ಎದ್ದಳು, ಪಾಲಕ್ಕಿನ ಪಾತ್ರೆಯನ್ನು ಎರಡೂ ಕೈಯಿಂದ ಎತ್ತಿ ಮೋರಿಗೆ ಸುರಿದಳು, ತಾಟಿಗೆ ಬರಿ ರೊಟ್ಟಿ ಹಾಕಿಕೊಂಡು ಕೂತಳು.

"ಇವತ್ತಿಂದನ ರೂಢಿ ಮಾಡ್ಕೋತೀನ್ರಿ" ಎಂದು ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು.