ಹಾರಿಕಾಳ ಸೈಕಲ್

ಒಂದಾನೊಂದು ಊರಿನಲ್ಲಿ ಒಂದು ಸೈಕಲ್ಲಿತ್ತು; ತನ್ನ ಒಡತಿ ಸತ್ತದ್ದು ಅದಕ್ಕೆ ಗೊತ್ತಿರಲಿಲ್ಲ. ಊರು ಆದವಾನಿ, ಒಡತಿ ನನ್ನ ತಂಗಿ ಹಾರಿಕಾ. “ಒಂದು ಗೀರೂ ಬೀಳದಂಗ ಈ ಸೈಕಲ್ನ ಪತ್ತಿಕೊಂಡ ಊರಿನ ನನ್ನ ಗೆಳತಿ ಲಾವಣ್ಯಗ ಮುಟ್ಟಸಕ್ಕಾ” ಎಂದು ಸಾಯುವ ಮುನ್ನ ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಪಂಪಣ್ಣಮಾವ ಅದನ್ನು ಟ್ರ್ಯಾಕ್ಟರಿನ ಟ್ರಾಲಿಯೊಳಗೆ ಹಿಂಬದಿಯಲ್ಲಿ ನಿಲ್ಲಿಸಿ ಕಟ್ಟಿದ. ಖಾಲಿ ಹತ್ತಿಚೀಲಗಳ ರಾಶಿಯ ಮೇಲೆ ನಾನು ಕೂತೆ. ಊರು ದಾಟುತ್ತಲೇ ಮುಂದಿನ ಗಾಲಿ ತಾನಾಗಿ ತಿರುಗಿತು. ಗಂಟೆ ಟ್ರಿಣ್ ಎಂದಿತು. ಹ್ಯಾಂಡಲ್ ಮೆಲ್ಲಗೆ ಮನೆಯ ಕಡೆಗೆ ಹೊರಳಿತು.

“ಮಾವಾ, ನಿಲ್ಸು! ಹಾರಿಕಾ ಹತ್ತ್ಯಾಳ!”

“ಗಾಳಿ ಅದು, ಹುಚ್ಚಿ. ನಿಮ್ಮಜ್ಜಿ ಕತಿ ತಲ್ಯಾಗ ತುಂಬ್ಯಾವ,” ಎಂದು ನಗುತ್ತ ಇಳಿದ. ಹಗ್ಗ ಸಡಿಲಾಗಿತ್ತು, ಇನ್ನೊಂದು ಗುಂಡಿ ಬಂದಿದ್ದರೆ ಸೈಕಲ್ ರಸ್ತೆಗೆ ಬೀಳುತ್ತಿತ್ತು. ಮಾವನ ನಗು ನಿಂತಿತು.

ಸೈಕಲ್ಲನ್ನು ಚೈನಿನ ಕಡೆ ಮೇಲಾಗಿ ಚೀಲಗಳ ಮೇಲೆ ಮಲಗಿಸಿ, ಗಾಲಿಗಳನ್ನೂ ಹ್ಯಾಂಡಲ್ಲನ್ನೂ ಬಿಗಿಯಾಗಿ ಕಟ್ಟಿದೆವು. ಮಾವ ಅದರ ಪಕ್ಕದಲ್ಲಿ ಇನ್ನೊಂದು ಚೀಲ ಹಾಸಿ ಮೆಲ್ಲಗೆ ಹೇಳಿದ: “ಆಕಿನೂ ಬರ್ಲಿ. ಕುಂದ್ರಾಕ ಜಾಗ ಬಿಡು.”

ದಾರಿಯುದ್ದಕ್ಕೂ ಆ ಚೀಲ, ಯಾರೋ ಕೂತಂತೆ, ತಗ್ಗಾಗಿಯೇ ಇತ್ತು. ಪತ್ತಿಕೊಂಡದಲ್ಲಿ ಒಂದೂ ಗೀರಿಲ್ಲದ ಸೈಕಲ್ಲನ್ನು ಇಳಿಸಿ, ಲಾವಣ್ಯಳ ಕೈಗೆ ಕೊಟ್ಟೆ.