ಅಂಗಳ ಕೊಡದ ಅಪ್ಪಣೆ

ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ಒಂದು ಊರಿನಲ್ಲಿ ಕಥೆ ಹೇಳುವವರು ನಡುನಡುವೆ "ಕ್ರಿಕ್?" ಎಂದು ಕೇಳಬೇಕು, ಕೇಳುಗರು "ಕ್ರಾಕ್" ಎಂದರೆ ಮಾತ್ರ ಮುಂದುವರಿಯಬಹುದು. ಇಲ್ಲದಿದ್ದರೆ ಕಥೆ ಸತ್ತಂತೆ.

ಯುಲಾಲಿಗೆ ಇದು ಹುಟ್ಟಿನಿಂದ ಗೊತ್ತು. ಆದರೆ ಅವಳ ಮೊದಲ ಕಾದಂಬರಿ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಕಬ್ಬಿನ ತೋಟದ ಮೇಸ್ತ್ರಿಯೊಬ್ಬ ಗುಲಾಮ ಹೆಣ್ಣೊಬ್ಬಳನ್ನು ಬಾರುಕೋಲಿನಿಂದ ಹೊಡೆಯುವ ಅಧ್ಯಾಯವನ್ನು ಓದಿದಾಗ ಪಟ್ಟಣದ ಸಭೆ ಮೌನವಾಗಿ ಕಣ್ಣೊರೆಸಿಕೊಂಡಿತ್ತು. ಅದೇ ತೋಟಗಳಲ್ಲಿ ದುಡಿದು ಸತ್ತವರ ಮೊಮ್ಮಕ್ಕಳು ಒಪ್ಪದೆ ಅದನ್ನು ಅಚ್ಚಿಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಮುಸ್ಸಂಜೆ, ಅತ್ತೆಯ ಅಂಗಳದಲ್ಲಿ ನೆರೆದ ಊರವರಿಗೆ ಓದಿದಳು.

"ಬಾರುಕೋಲು ಮೇಲೆದ್ದಿತು. ಕ್ರಿಕ್?"

ಯಾರೂ ಉತ್ತರಿಸಲಿಲ್ಲ. ಮನಸ್ಸು ಕಲಕಿರಬೇಕೆಂದು ಯುಲಾಲಿ ಒಳಗೊಳಗೇ ಹಿಗ್ಗಿದಳು.

"ಅಳು ಬಂತಾ, ಅತ್ತೆ?"

"ಇಲ್ಲ ಕಣೇ, ಹಸಿವಾಯ್ತು," ಎಂದು ಸಿದೊನೀಸ್ ಅತ್ತೆ ಮೀನಿನ ಬೋಂಡಾ ಕಚ್ಚಿದಳು.

ಫುಲ್ಬೆರ್ ಮಾವ ರಮ್ ಲೋಟಕ್ಕೆ ನಿಂಬೆ ಹಿಂಡುತ್ತ ಕೇಳಿದ: "ಬಾರು ಯಾವ ತೊಗಲು, ಹಿಡಿ ಯಾವ ಮರ, ಎಲ್ಲಾ ಹೇಳ್ದೆ. ನಂಗೇ ಒಂದು ಕೊಳ್ಳೋಣ ಅನ್ಸ್ತು. ಏಟು ತಿಂದೋಳ ಹೆಸರೇನಮ್ಮಾ?"

"ಹೆಸರಿಟ್ಟಿಲ್ಲ ಮಾವ. ಎಲ್ಲರ ನೋವೂ ಅವಳೊಬ್ಬಳಲ್ಲೇ ಇರಲಿ ಅಂತ..."

"ಹೆಸರಿಲ್ದೋಳ ಬಗ್ಗೆ ನಾವು ಮಾತಾಡ್ಕೊಳ್ಳೋದು ಹೆಂಗೆ?" ಎಂದಳು ಅತ್ತೆ.

ಅಂಗಳಕ್ಕೆ ಹುರುಪು ಬಂತು. ಹೆಸರುಗಳು ತೂರಿಬಂದವು. ಒಂದು ಅತ್ತೆಯ ಸತ್ತ ನಾದಿನಿಯದು. "ಅದು ಬೇಡ, ಎದ್ದು ಬಂದಾಳು," ಎಂದು ಕೈಬಿಟ್ಟರು. ಕೊನೆಗೆ ಜೆನೋಬಿ ನಿಂತಿತು.

"ಏಟು ತಿನ್ನೋಕೆ ಆ ಜೆನೋಬಿ ಮಾಡಿದ್ದಾದ್ರೂ ಏನು?" ಎಂದ ಮಾವ.

"ಮೇಸ್ತ್ರಿ ನಡೆದ ಹಾಗೆ ನಡೆದು ಅಣಕಿಸಿದಳು," ಎಂದಳು ಯುಲಾಲಿ, ಬಾಯಿಗೆ ಬಂದದ್ದನ್ನು.

ಫುಲ್ಬೆರ್ ಮಾವ ಎದ್ದೇಬಿಟ್ಟ. ಹೊಟ್ಟೆ ಮುಂದೆ, ಬೂಟು ಕಚ್ಚುವ ಕಾಲು ಆಚೆ ಮಾಡಿ ಮೇಸ್ತ್ರಿಯಂತೆ ನಡೆದ. ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿ, ಅತ್ತೆಯ ಲಂಗ ತಲೆಗೆ ಸುತ್ತಿಕೊಂಡರೂ ಗತ್ತು ಬಿಡಲಿಲ್ಲ.

"ನನ್ ಲಂಗ ಹರಿದ್ರೆ ಮೇಸ್ತ್ರಿಗೆ ನಾನೇ ಹೊಡೀತೀನಿ," ಎಂದಳು ಅತ್ತೆ.

ಯುಲಾಲಿ ನಕ್ಕು ನಕ್ಕು ನೆಲಕ್ಕೆ ಕುಸಿದಳು. ಏಳುವಾಗ ತಲೆ ಹಗುರವಾಗಿತ್ತು. ಹೊಸ ವಾಕ್ಯಗಳು ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವು.

"ಕ್ರಿಕ್?"

"ಕ್ರಾಕ್!" ಬೇಲಿಯ ಕೋಳಿಗಳು ಹಾರಿದವು.

"ಜೆನೋಬಿ ನಡೆದಳು. ಬಗ್ಗಿದ ಬೆನ್ನುಗಳೆಲ್ಲ ಕಬ್ಬಿನ ಮರೆಯಲ್ಲಿ ಕುಲುಕಿದವು. ನಗು ಮೇಸ್ತ್ರಿಗೂ ಕೇಳಿಸಿತು. ಯಾವ ಬಾಯಿಯದೆಂದು ತಿಳಿಯಲಿಲ್ಲ. ಅಷ್ಟು ಬಾಯಿಗಳ ನಡುವೆ ತಾನೊಬ್ಬನೇ ಎಂಬುದು ಅವನಿಗೆ ಅಂದು ಹೊಳೆಯಿತು. ಕ್ರಿಕ್?"

"ಕ್ರಾಕ್!"

"ಅವನು ಹೆದರಿದ. ಹೆದರಿ ಹೊಡೆದ. ಜೆನೋಬಿಯ ಬೆನ್ನು ಸೀಳಿತು. ಕ್ರಿಕ್?"

ನಗು ನಿಂತಿತು. ಮಾವ ತಲೆಯ ಲಂಗವನ್ನು ಮೆಲ್ಲಗೆ ತೆಗೆದ. ಅತ್ತೆ ಕೈಯಲ್ಲಿದ್ದ ಬೋಂಡಾ ಕೆಳಗಿಟ್ಟಳು.

"ಕ್ರಾಕ್," ಎಂದಳು ಸಣ್ಣ ದನಿಯಲ್ಲಿ. "ಹೇಳೇ. ಆಮೇಲೆ ಅವಳೇನ್ ಮಾಡಿದ್ಲು?"

ಹಾಳೆಯಲ್ಲಿ ಅಧ್ಯಾಯ ಏಟಿಗೇ ಮುಗಿದಿತ್ತು. ಯುಲಾಲಿ ಹಾಳೆಗಳನ್ನು ಮಡಚಿ ಅವುಗಳ ಮೇಲೇ ಕುಳಿತಳು. ಅಚ್ಚಿನವರು ಕಾಯಲಿ ಎಂದುಕೊಂಡು, ಮುಂದಿನದನ್ನು ಹೇಳತೊಡಗಿದಳು.