ಮೇಲಿನ ಪದರ

ಫೋಟೋ ತಿದ್ದುವ ಆ ಪುಕ್ಕಟೆ ಸಾಫ್ಟ್‌ವೇರ್ ನನ್ನ ಸ್ಟುಡಿಯೋದಲ್ಲಿ ಹತ್ತು ವರ್ಷ ತುಟಿ ಪಿಟಿಕ್ಕೆನ್ನದೆ ದುಡಿದಿತ್ತು. ಹಳೇ ಕಂಪ್ಯೂಟರ್ ಕೈಕೊಟ್ಟಿತು; ಪೆನ್‌ಡ್ರೈವ್‌ನಲ್ಲಿ ಉಳಿದಿದ್ದ ಹಳೇ ಫೈಲ್‌ಗಳು ಈ ಸಾಫ್ಟ್‌ವೇರ್ ಇಲ್ಲದೆ ತೆರೆಯುತ್ತಿರಲಿಲ್ಲ. ಹೊಸದಕ್ಕೆ ಹಾಕಲು ಹೋದರೆ, 'ಮಾಡಿದವರು ಯಾರೋ ಗೊತ್ತಿಲ್ಲ, ಅಪಾಯ ಆಗಬಹುದು' ಅಂತ ಹೊಸ ಕಂಪ್ಯೂಟರ್ ಮೂರನೇ ಸಲ ತಡೆಯಿತು. ಮೈ ಉರಿದುಹೋಯಿತು.

ಬೆನ್ನ ಹಿಂದೆ ಪಕ್ಕದಂಗಡಿಯ ಟೈಲರ್. ತನ್ನ ತಂಗಿ ತೀರಿಕೊಂಡ ಸುದ್ದಿ ಕೇಳಿ, ಹೆಗಲ ಮೇಲಿನ ಟೇಪನ್ನೂ ತೆಗೆಯದೆ ಓಡಿಬಂದಿದ್ದ. ಆರು ವರ್ಷದ ಹಿಂದೆ, ಅವಳು ಮೆಚ್ಚಿದವನನ್ನು ಮದುವೆಯಾದಳೆಂದು, ಮನೆಯವರ ಫೋಟೋದಿಂದ ಅವಳನ್ನು ನನ್ನ ಕೈಲಿ ತೆಗೆಸಿದ್ದೂ ಇವನೇ, ಮೂಲ ಫೋಟೋ ಸುಟ್ಟಿದ್ದೂ ಇವನೇ.

"ಅವಳದು ಬೇರೆ ಒಂದು ಫೋಟೋನೂ ಇಲ್ಲ ಕಣೋ. ಪೂರ್ತಿ ಅಳಿಸಿಬಿಟ್ಟಿದ್ಯಾ?"

"ಸುಮ್ನೆ ನಿಂತ್ಕೋ, ತಲೆ ತಿನ್ಬೇಡ!" ಅಂತ ಗದರಿದೆ. ಅಳಿಸಿದ್ದೆನೋ, ಬರೀ ಮೇಲೊಂದು ಗೋಡೆಯ ಚಿತ್ರದ ಪದರ ಹೊದಿಸಿದ್ದೆನೋ, ನೆನಪೇ ಆಗುತ್ತಿಲ್ಲ.

'ಆದರೂ ಹಾಕು' ಒತ್ತಿದೆ. ಹಸಿರು ಗೆರೆ ತೆವಳುತ್ತ ತೆವಳುತ್ತ ಕೊನೆ ಮುಟ್ಟಿತು. ಹಳೇ ಫೈಲ್ ತೆರೆಯಿತು. ತಂಗಿ ಇದ್ದ ಜಾಗದಲ್ಲಿ ಬೋಳು ಗೋಡೆ. ಮೇಲಿನ ಪದರ ಸರಿಸಿದೆ.

ತಂಗಿ ನಗುತ್ತ ನಿಂತಿದ್ದಳು, ಕೈ ಅಣ್ಣನ ಹೆಗಲ ಮೇಲೆ.

ಟೈಲರ್ ತನ್ನ ಹೆಗಲಿನ ಟೇಪನ್ನು ಮೆಲ್ಲಗೆ ತೆಗೆದು, ಅವಳ ಕೈಯಿದ್ದ ಆ ಹೆಗಲನ್ನು ಖಾಲಿ ಬಿಟ್ಟ.